ಕೇಸರಿಬಾತು ಮುಟ್ಟದ ದೊಡ್ಡಪ್ಪ

ಹೋದ ತಿಂಗಳು ಮಗನಿಗೆ ಹೆಣ್ಣು ನೋಡಲು ಮೊಳಕಾಲ್ಮೂರಿನ ಹತ್ತಿರ, ಸಿದ್ದಾಪುರದ ಕಡೆಯ ಒಂದು ಮನೆಗೆ ಹೋಗಿದ್ದೆವು. ನಡುಮನೆಯಲ್ಲಿ ಜಮಖಾನ ಹಾಸಿ, ಫ್ಯಾನನ್ನು ನಮ್ಮ ಕಡೆ ತಿರುಗಿಸಿ ಕೂರಿಸಿದ್ದರು. ಒಳಗಿನಿಂದ ಮೊದಲು ಬಂದದ್ದು ತುಪ್ಪದಲ್ಲಿ ರವೆ ಹುರಿದ ವಾಸನೆ. ಅದು ಬರಬೇಕಾದದ್ದೇ. ಅದರ ಬೆನ್ನಿಗೆ ಇನ್ನೊಂದು ಬಂತು... ಬಾಣಲೆಯಲ್ಲಿ ಶೇಂಗಾ ಹುರಿಯುವ ವಾಸನೆ, ಸಿಪ್ಪೆ ಒಂದಿಷ್ಟು ಸೀದದ್ದು. ಹೆಣ್ಣು ತೋರಿಸುವ ಹೊತ್ತಿನಲ್ಲಿ ಈಗಲೂ ಯಾರಾದರೂ ಶೇಂಗಾ ಹುರಿಯುತ್ತಾರೆಯೇ? ಪಕ್ಕದಲ್ಲಿದ್ದ ನನ್ನ ಯಜಮಾನರ ಮುಖ ನೋಡಿದೆ. ಅವರೂ ಮೂಗು ಅರಳಿಸಿಕೊಂಡು ಕೂತಿದ್ದರು.

ಅಷ್ಟರಲ್ಲಿ ತಟ್ಟೆಗಳು ಬಂದವು. ಒಂದು ಬದಿಗೆ ಉಪ್ಪಿಟ್ಟು, ಇನ್ನೊಂದು ಬದಿಗೆ ದ್ರಾಕ್ಷಿ ಗೋಡಂಬಿ ಹಾಕಿದ ಕೇಸರಿಬಾತು. ಈ ಮಳೆಗಾಲದ ಮೊದಲಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಹುಡುಗನ ತಾಯಿ ಸಿಹಿ ಮುಟ್ಟದೆ ತಟ್ಟೆ ಕೆಳಗಿಟ್ಟರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಲೆಕ್ಕ. ಬಾಯಿ ಬಿಟ್ಟು ಬೇಡ ಅನ್ನುವುದು ಮರ್ಯಾದೆಯಲ್ಲ, ಅದಕ್ಕೆ ಕೇಸರಿಬಾತನ್ನು ಉಳಿಸಿ ಎದ್ದು ಬರುತ್ತಾರೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ನಾನೂ ಒಮ್ಮೆ ಹಾಗೆಯೇ ನಿಂತು ಒಬ್ಬರ ಕೈಯನ್ನು ನೋಡಿದ್ದೆ... ಚಳ್ಳಕೆರೆಯಲ್ಲಿ, ನಮ್ಮ ಎದುರು ಮನೆಯ ದೊಡ್ಡಪ್ಪನ ಕೈಯನ್ನು.

ದೊಡ್ಡಪ್ಪ ಎಂದರೆ ರಕ್ತ ಸಂಬಂಧವೇನಲ್ಲ. ಅವರ ಮನೆಯ ಒಗ್ಗರಣೆ ನಮ್ಮ ಮನೆಯಲ್ಲಿ ಸೀನು ಬರಿಸುತ್ತಿತ್ತು, ಅಷ್ಟು ಹತ್ತಿರ. ಅವರದು ಶೇಂಗಾ ದಲಾಲಿ. ಬೆಳೆದವರಿಗೂ ಎಣ್ಣೆ ಮಿಲ್ಲಿನವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಹೊಟ್ಟೆಪಾಡು; ಹೆಣ್ಣಿನವರಿಗೂ ಗಂಡಿನವರಿಗೂ ನಡುವೆ ನಿಂತು ಮದುವೆ ಕುದುರಿಸುವುದು ಚಪಲ. ಬಿಳಿ ಜುಬ್ಬ, ಹೆಗಲಿಗೆ ಟವೆಲ್ಲು, ಹಣೆ ತುಂಬ ವಿಭೂತಿ. ಜುಬ್ಬದ ಜೇಬಿಗೆ ಕೈ ಹಾಕಿದರೆ ಯಾವಾಗಲೂ ನಾಲ್ಕು ಶೇಂಗಾ ಸಿಗುತ್ತಿದ್ದವು. ಮೊಳಕಾಲ್ಮೂರು, ರಾಯದುರ್ಗದವರೆಗೂ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗ ಇದ್ದಾನೆ, ಯಾರ ಮನೆಯ ಹುಡುಗಿ ಓದು ಮುಗಿಸಿದಳು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿ ಇರುತ್ತಿತ್ತು.

ಆ ನಾಲಿಗೆಗೆ ಸಿಹಿ ಎಂದರೆ ಪ್ರಾಣ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಧ್ಯಸ್ಥರು ಮೊದಲ ತುತ್ತು ತಿಂದ ಮೇಲೆಯೇ ಉಳಿದವರು ತಟ್ಟೆಗೆ ಕೈ ಹಾಕುವುದು. ಹಾಗಾಗಿ ದೊಡ್ಡಪ್ಪ ಕೇಸರಿಬಾತಿಗೆ ಕೈ ಹಾಕಿದರು ಎಂದರೆ ಮಾತುಕತೆ ಶುರು.

"ಉಪ್ಪಿಟ್ಟು ಬೀಗರಿಗೆ, ಕೇಸರಿಬಾತು ನಂಗೆ. ಮದ್ವೆ ಆದ್ರೆ ಅವರ ಪುಣ್ಯ, ಆಗದಿದ್ರೆ ನಂದೇನು ಲುಕ್ಸಾನು?" ಎನ್ನುತ್ತಿದ್ದರು.

ಲುಕ್ಸಾನು ಆದದ್ದು ತೊಂಬತ್ತರ ದಶಕದ ನಡುವೆ. ಹೊಸ ಚಪ್ಪಲಿ ಕಚ್ಚಿದ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಕೂತಲ್ಲಿಂದ ಏಳುವಾಗ ಸುಸ್ತು, ಕೊಡಗಟ್ಟಲೆ ನೀರು. ದೊಡ್ಡಮ್ಮ ಅವರನ್ನು ಎಳೆದುಕೊಂಡೇ ಚಿತ್ರದುರ್ಗದ ಡಾಕ್ಟರ ಹತ್ತಿರ ಹೋದರು. ವಾಪಸ್ಸು ಬಂದಾಗ ದೊಡ್ಡಪ್ಪ ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕೂತರು. ದೊಡ್ಡಮ್ಮ ಸೀದಾ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ನಮ್ಮ ಅವ್ವನ ಕೈಗಿಟ್ಟರು. "ಇದು ನಿಮ್ಮನೆಯಾಗೇ ಇರ್ಲಿ. ಅವರು ಕೇಳಿದ್ರೆ ಕೊಡಬ್ಯಾಡ" ಎಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಮೊದಲ ಹದಿನೈದು ದಿನ ನಮ್ಮ ಓಣಿಗೆ ಒಳ್ಳೆ ತಮಾಷೆ. ದೊಡ್ಡಪ್ಪ ಸಕ್ಕರೆ ಬಿಟ್ಟರು, ಬೆಲ್ಲದ ಚಹಾ ಶುರು ಮಾಡಿದರು.

"ಡಾಕ್ಟ್ರು ಬಿಡು ಅಂದಿದ್ದು ಸಕ್ಕರೇನ. ನಾನೇ ಕಿವಿಯಾರೆ ಕೇಳೀನಿ, ಬೆಲ್ಲ ಅನ್ಲಿಲ್ಲ."

"ಕಲ್ಲು ತಿನ್ಬ್ಯಾಡ ಅಂತಾನೂ ಅನ್ಲಿಲ್ಲ. ತಿಂತೀರಾ?" ಎಂದರು ದೊಡ್ಡಮ್ಮ.

ಅನ್ನ ಕಡಿಮೆ ಮಾಡಿ ಮುದ್ದೆ ಉಣ್ಣಿ ಎಂದಿದ್ದರಂತೆ ಡಾಕ್ಟರು. ದೊಡ್ಡಪ್ಪ ಅನ್ನವನ್ನು ಪೂರ್ತಿ ಬಿಟ್ಟು, ದುರ್ಗದ ಕೋಟೆಯ ಗುಂಡಿನಷ್ಟು ದಪ್ಪದ ಮುದ್ದೆ ಮುರಿಯತೊಡಗಿದರು. ಔಷಧಿ ಎಂದ ಮೇಲೆ ಜಾಸ್ತಿ ತಿಂದಷ್ಟೂ ಒಳ್ಳೆಯದು ಎಂಬುದು ಅವರ ವಾದ. ಒಬ್ಬರು ಹಾಗಲಕಾಯಿ ರಸ ಕುಡಿಯಿರಿ ಅಂದರು, ಇನ್ನೊಬ್ಬರು ನೇರಳೆ ಬೀಜದ ಪುಡಿ ತಂದುಕೊಟ್ಟರು. ಯುಗಾದಿಯ ದಿನ ಬೇವು ಬೆಲ್ಲದ ಬಟ್ಟಲಿನಿಂದ ಬೇವನ್ನಷ್ಟೇ ಆರಿಸಿ ತಿನ್ನುತ್ತಾ ದೊಡ್ಡಪ್ಪ, "ದೇವ್ರು ನನ್ನ ಪಾಲಿಂದು ಬೇರೆ ಮಾಡಿ ಇಟ್ಟವ್ನೆ" ಅಂದಾಗ ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆದರೆ ನಗು ಪೂರ್ತಿ ಇರಲಿಲ್ಲ.

ಗಾಯ ಒಣಗುತ್ತಾ ಬಂದಂತೆ ದಿನಾ ನಡೆಯಬೇಕು ಎಂದೂ ಹೇಳಿದ್ದರು. ಆಗಿನ ಚಳ್ಳಕೆರೆಯಲ್ಲಿ ವಯಸ್ಸಾದ ಗಂಡಸು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಊರೆಲ್ಲ ಕೇಳುತ್ತಿತ್ತು. ಅದಕ್ಕೆ ದೊಡ್ಡಪ್ಪ ಕೈಯಲ್ಲಿ ಒಂದು ಖಾಲಿ ಬಟ್ಟೆ ಚೀಲ ಹಿಡಿದುಕೊಂಡು ಹೊರಡುತ್ತಿದ್ದರು.

"ಎಲ್ಲಿಗ್ ಹೊಂಟ್ರಿ ಯಜಮಾನ್ರೇ?"

"ಸಂತೆಗೆ."

"ಇವತ್ತು ಯಾವೂರ ಸಂತೆ?"

ಚೀಲ ಬೀಸಿಕೊಂಡು ಮುಂದೆ ಹೋಗುತ್ತಿದ್ದರು.

ಕಾಯಿಲೆಯ ಸುದ್ದಿ ಓಣಿ ದಾಟಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದ್ದರು. ನನಗೆ ಅದು ಅತಿ ಅನ್ನಿಸಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಶೇಂಗಾ ಸುಲಿಯುತ್ತಾ ಕೂತಿದ್ದವರು ಕೈ ನಿಲ್ಲಿಸಿದರು.

"ಮನೆ ಮನೆಗೂ ಹೋಗಿ, ನಿಮ್ಮ ಮನೆತನದಾಗೆ ಏನಾರ ಕಾಯಿಲೆ ಐತಾ ಅಂತ ಕೇಳೋನು ನಾನು. ನಂಗೇ ಐತೆ ಅಂದ್ರೆ ಯಾರು ಕರೀತಾರವ್ವ? ಬಾಯಿ ಸಿಹಿ ಮಾಡ್ಕೊಳಕ್ಕೆ ಆಗದೋನು ಶುಭಕಾರ್ಯದಾಗೆ ಯಾತಕ್ಕೆ ಅಂತಾರೆ."

ಅವರಿಗೆ ಸಾವಿನ ಭಯ ಇರಲಿಲ್ಲ. ಯಾರೂ ಕರೆಯದೆ ಹೋದರೆ ಎಂಬ ಭಯ ಇತ್ತು. ಅದನ್ನು ಕೇಳಿ ನನಗೆ ಸಂಕಟವಾಯಿತು, ಮತ್ತೆ ಆ ವಿಷಯ ಎತ್ತಲಿಲ್ಲ.

ಅದೇ ವರ್ಷ ನನ್ನ ಮದುವೆಯ ಮಾತು ಬಂತು. ಬಂತು ಅನ್ನುವುದಕ್ಕಿಂತ, ಬರುವಂತೆ ನಾನೇ ನೋಡಿಕೊಂಡೆ ಅನ್ನಬಹುದು. ಚಿಕ್ಕಮ್ಮನ ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದೆವು. ಅಂಗಡಿಯಲ್ಲಿ ಇದ್ದ ಹುಡುಗ ಚಿಕ್ಕಮ್ಮನಿಗೆ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ, ಕಡೆಗೆ, "ಅಕ್ಕಾರೆ, ಇದು ಬ್ಯಾಡ ಅಂದ್ರೆ ಇನ್ನೊಂದು ಐತೆ. ಅದೂ ಬ್ಯಾಡ ಅಂದ್ರೆ ಚಾ ಐತೆ" ಎಂದ. ನಾನು ನಕ್ಕೆ. ಅವನು ನೋಡಿದ. ಅಷ್ಟೇ ಆದದ್ದು. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಆ ಹುಡುಗನೇ ಬೇಕು ಅನ್ನಿಸಿಬಿಟ್ಟಿತ್ತು. ಅಪ್ಪನಿಗೆ ಹೇಳುವ ಧೈರ್ಯವಿಲ್ಲ. ದೊಡ್ಡಮ್ಮನ ಕಿವಿಯಲ್ಲಿ ಊದಿದೆ. ಸಂಜೆಯೊಳಗೆ ದೊಡ್ಡಪ್ಪ ಕಟ್ಟೆಯ ಮೇಲಿಂದ ಕೂಗಿದರು. "ಆ ರೇಷ್ಮೆ ಅಂಗಡಿ ಹುಡುಗ್ನಾ? ತಡಿ, ನೋಡಾನ."

ವಿಚಾರಿಸಿದರು, ನಮ್ಮ ಜನವೇ, ಒಳ್ಳೆಯ ಮನೆತನವೇ. ಒಂದು ಭಾನುವಾರ ಅವರನ್ನು ತಾವೇ ಹೋಗಿ ಬಸ್ಸಿನಲ್ಲಿ ಕರೆತಂದರು. ಹುಡುಗ, ಹುಡುಗನ ತಾಯಿ, ಸೋದರಮಾವ. ತಂದೆಗೆ ಮೈ ಸರಿಯಿಲ್ಲವೆಂದು ಅವರು ಬಂದಿರಲಿಲ್ಲ.

ಬೆಳಗಿನಿಂದ ದೊಡ್ಡಮ್ಮ ನಮ್ಮ ಅಡುಗೆಮನೆಯಲ್ಲೇ ಇದ್ದರು. ಕೇಸರಿಬಾತು ತಿರುವುತ್ತಾ, ಕಿಟಕಿಯಿಂದ ದೊಡ್ಡಪ್ಪನಿಗೆ ಸೌಟು ತೋರಿಸಿ, "ಒಂದು ಚಮಚ ಬಾಯಿಗೆ ಹೋದ್ರೆ ನನ್ನಾಣೆ" ಎಂದು ಹೇಳಿಯೂ ಆಗಿತ್ತು.

ನಾನು ತಟ್ಟೆಗಳನ್ನು ಇಟ್ಟು ಬಾಗಿಲ ಮರೆಗೆ ಬಂದು ನಿಂತೆ. ಎಲ್ಲರೂ ದೊಡ್ಡಪ್ಪನ ಕೈಯನ್ನೇ ನೋಡುತ್ತಿದ್ದರು. ಕೈ ಕೇಸರಿಬಾತಿನ ಹತ್ತಿರ ಹೋಯಿತು. ನಿಂತಿತು. ಹಿಂದೆ ಬಂತು. ಅವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಂಗೆ ಬ್ಯಾಡವ್ವ" ಎಂದರು. ಕಾರಣ ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ. ನೀರು ಕುಡಿದು ಮಳೆ ಬೆಳೆಯ ಮಾತು ತೆಗೆದರು.

ಹುಡುಗನ ತಾಯಿಯ ಕೈ ಅಲ್ಲೇ ನಿಂತಿತು. ಅವರು ದೊಡ್ಡಪ್ಪನ ಮುಖ ನೋಡಿದರು, ತಮ್ಮನ ಮುಖ ನೋಡಿದರು, ತಟ್ಟೆಯನ್ನು ಕೆಳಗಿಟ್ಟರು. ಮಧ್ಯಸ್ಥರೇ ಸಿಹಿ ಮುಟ್ಟಲಿಲ್ಲ ಎಂದರೆ ಈ ಮನೆಯಲ್ಲಿ ಏನೋ ಇದೆ, ಬಾಯಲ್ಲಿ ಹೇಳಲಾರದೆ ಹೀಗೆ ತಿಳಿಸುತ್ತಿದ್ದಾರೆ ಎಂದು ಅವರು ತಿಳಿದುಕೊಂಡರು. ಅವರು ಮುಟ್ಟಲಿಲ್ಲ ಎಂದು ನಮ್ಮವರು ತಲೆ ತಗ್ಗಿಸಿದರು. ಹುಡುಗ ಮಾತ್ರ ಚಮಚ ಹಿಡಿದವನು ಎಲ್ಲರ ಮುಖ ನೋಡಿ ಅದನ್ನು ಹಾಗೇ ಇಟ್ಟ. "ಹೇಳಿ ಕಳಿಸ್ತೀವಿ" ಎಂದು ಎದ್ದು ಹೋದರು. ಹೇಳಿ ಕಳಿಸುತ್ತೇವೆ ಎಂದವರು ಹೇಳಿ ಕಳಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಾನು ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತು ಅತ್ತೆ. ನಾಚಿಕೆಯಿಲ್ಲದೆ, ಜೋರಾಗಿಯೇ ಅತ್ತೆ.

ಇದರ ಸುಳಿವೇ ಇಲ್ಲದೆ ದೊಡ್ಡಪ್ಪ ಅವರನ್ನು ಓಣಿಯ ತುದಿಯವರೆಗೆ ಬಿಟ್ಟು, ಎದೆ ಮುಂದೆ ಮಾಡಿಕೊಂಡು ಬಂದರು. ದೊಡ್ಡಮ್ಮನಿಗೆ, "ನೋಡ್ದ್ಯಾ? ಮುಟ್ಲಿಲ್ಲ! ಕಣ್ಮುಂದೆ ಇಟ್ರೂ ಮುಟ್ಲಿಲ್ಲ!" ಎಂದರು. ಪಾಪ, ಕಾಯಿಲೆ ಬಂದ ಮೇಲೆ ಅವರು ಗೆದ್ದ ಮೊದಲ ದಿನ ಅದು. ಆಗ ಅವ್ವ ಮುಟ್ಟದ ತಟ್ಟೆಗಳನ್ನೆಲ್ಲ ಹರಿವಾಣದಲ್ಲಿ ಇಟ್ಟುಕೊಂಡು ಹೊರಗೆ ಬಂದು ಅವರ ಮುಂದೆ ನಿಂತಳು. ದೊಡ್ಡಪ್ಪ ತಟ್ಟೆಗಳನ್ನು ನೋಡಿದರು. ಅವರ ಮುಖ ಇಳಿದುಹೋಯಿತು.

"ನಾನು ತಿನ್ನಲಿಲ್ಲ ಅಂತ ಅವರೂ..."

ಕಟ್ಟೆಯ ಮೇಲೆ ಕೂತುಬಿಟ್ಟರು. ಹೇಳಿದರೆ ಮೊಳಕಾಲ್ಮೂರಿಗೆಲ್ಲ ಗೊತ್ತಾಗುತ್ತದೆ, ಹೇಳದಿದ್ದರೆ ನನ್ನ ಮದುವೆ ಮುರಿಯುತ್ತದೆ. ದೊಡ್ಡಮ್ಮ ಮೊದಲ ಸಲ ಅವರಿಗೆ ಏನು ಮಾಡಬೇಕೆಂದು ಹೇಳಲಿಲ್ಲ. ನಾನು ಬಾಗಿಲಿಗೆ ಬಂದೆ. ಅತ್ತು ಅತ್ತು ನನ್ನ ಮೂಗು ಕೆಂಪಗಾಗಿತ್ತು. ಅವರು ಒಂದು ಸಲ ನನ್ನನ್ನು ನೋಡಿ, ಚಪ್ಪಲಿ ಮೆಟ್ಟಿದರು. "ಅಳಬ್ಯಾಡ, ಸುಮ್ಕಿರು" ಎಂದು ಹೊರಟೇಬಿಟ್ಟರು. ಪೂರ್ತಿ ಮಾಯದ ಕಾಲು ಎಳೆಯುತ್ತಾ ಬಸ್ ಸ್ಟ್ಯಾಂಡಿನ ಕಡೆಗೆ. ಅವತ್ತು ಅವರ ಕೈಯಲ್ಲಿ ಚೀಲವಿರಲಿಲ್ಲ.

ಅಲ್ಲಿ ಆದದ್ದನ್ನು ನಾನು ಕಂಡಿಲ್ಲ. ಕಂಡವರು ನನ್ನ ಯಜಮಾನರು. ಇಷ್ಟು ವರ್ಷಗಳಲ್ಲಿ ಅದನ್ನು ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಒಂದಿಷ್ಟು ಉಪ್ಪು ಖಾರ ಸೇರಿಸುತ್ತಾರೆ. ಮೊಳಕಾಲ್ಮೂರು ಬಸ್ಸು ಇನ್ನೂ ಬಂದಿರಲಿಲ್ಲವಂತೆ. ದೊಡ್ಡಪ್ಪ ಬೆವರು ಸುರಿಸಿಕೊಂಡು ಬಂದು, ಜನರ ನಡುವೆ, ಹರಾಜು ಕೂಗುವ ದನಿಯಲ್ಲಿ ಹೇಳಿಬಿಟ್ಟರಂತೆ.

"ತಾಯಿ, ಹುಡುಗಿ ಚಿನ್ನದಂಥೋಳು. ಮನೆತನ ಅಪ್ಪಟ. ನಂಗೆ ಸಕ್ಕರೆ ಕಾಯಿಲೆ ಐತೆ, ಅದಕ್ಕೆ ತಿನ್ನಲಿಲ್ಲ. ಮನಸ್ನಾಗೆ ಬ್ಯಾರೆ ಏನೂ ಇಲ್ಲ, ಶಿವನಾಣೆ."

ಹುಡುಗನ ತಾಯಿ, ಆ ಕಡೆಯವರು ಆಶ್ಚರ್ಯವಾದಾಗ ತೆಲುಗಿಗೆ ಹೊರಳುವಂತೆ, "ಅಂತೇನಾ?" ಎಂದರಂತೆ, ಅಷ್ಟೇನಾ ಎಂದು. ಹಣೆ ಚಚ್ಚಿಕೊಂಡು, ಸೆರಗು ಬಾಯಿಗೆ ಹಿಡಿದು ನಕ್ಕರಂತೆ.

"ನಮ್ಮ ಯಜಮಾನ್ರಿಗೂ ಐತೆ ಕಣ್ರಿ. ಹೆಣ್ಣು ಕೊಡ್ತಾರೋ ಇಲ್ವೋ ಅಂತ ನಿಮಗೆ ಹೇಳಿರ್ಲಿಲ್ಲ. ಇಲ್ಲಿ ಸಿಹಿ ಮುಂದಿಟ್ರೆ ಏನ್ ಮಾಡಾದು ಅಂತ ಅವರನ್ನ ಮನೆಯಾಗೇ ಬಿಟ್ಟು ಬಂದ್ವಿ."

ಎರಡು ತಾಲ್ಲೂಕಿನ ಮನೆತನಗಳನ್ನು ಜಾಲಾಡುತ್ತಿದ್ದ ದೊಡ್ಡಪ್ಪನಿಗೆ ಅದೊಂದು ತಿಳಿದಿರಲಿಲ್ಲ. ಅವರು ಪಕ್ಕದ ಗಾಡಿಯಿಂದ ಬಿಸಿ ಶೇಂಗಾದ ಪೊಟ್ಟಣ ತೆಗೆದುಕೊಂಡು, ಎಲ್ಲರೂ ನೋಡುವಂತೆ ಮೊದಲ ಕಾಳನ್ನು ತಾವು ಬಾಯಿಗೆ ಹಾಕಿಕೊಂಡರಂತೆ. "ತಿಂದೆ ನೋಡ್ರಿ. ಇದೇ ನನ್ನ ಬಾಯಿ ಸಿಹಿ. ಈಗ ನೀವು ತಗಳ್ರಿ." ನನ್ನ ಅತ್ತೆ ಕೈ ಚಾಚಿದರಂತೆ. ಬಸ್ಸು ಬಂತು, ಹೋಯಿತು. ಯಾರೂ ಹತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಮ್ಮ ಮನೆಗೆ ವಾಪಸ್ಸು ಬಂದರು, ಶೇಂಗಾ ಅಗಿಯುತ್ತಲೇ. ಅವ್ವ ಕೇಸರಿಬಾತನ್ನು ಮತ್ತೆ ಬಿಸಿ ಮಾಡಿದಳು. ಹುಡುಗ ಈ ಸಲ ಯಾರ ಮುಖವನ್ನೂ ನೋಡದೆ ಪೂರ್ತಿ ತಟ್ಟೆ ಖಾಲಿ ಮಾಡಿದ.

ಸುದ್ದಿ ಹೇಗೂ ಊರು ದಾಟಿತು. ದೊಡ್ಡಪ್ಪ ಹೆದರಿದ ಹಾಗೆ ಯಾರೂ ಕರೆಯದೆ ಹೋಗಲಿಲ್ಲ. ಬದಲಿಗೆ ಹೋದ ಮನೆಯಲ್ಲೆಲ್ಲ, ನಮ್ಮ ಅಪ್ಪನಿಗೂ ಐತೆ, ನಮ್ಮ ಅತ್ತೆಗೂ ಐತೆ ಎಂದು ಒಬ್ಬೊಬ್ಬರೇ ಬಾಯಿ ಬಿಟ್ಟರು. ಅವರು ಹೆಣ್ಣು ನೋಡಲು ಬರುತ್ತಾರೆ ಎಂದರೆ ಒಂದು ಹಿಡಿ ಶೇಂಗಾ ಹುರಿದಿಡುವುದು ವಾಡಿಕೆಯಾಯಿತು. ಮೊದಲ ಕಾಳು ಅವರು ತಿನ್ನುತ್ತಿದ್ದರು, ಉಳಿದವರು ಒಂದೊಂದು ಕಾಳು ತೆಗೆದುಕೊಂಡು ಆಮೇಲೆ ಸಿಹಿಗೆ ಹೋಗುತ್ತಿದ್ದರು. ಎರಡು ಹಿಡಿ ಇಟ್ಟರೆ, "ಇದಕ್ಕೂ ಲೆಕ್ಕ ಐತೆ ಕಣವ್ವ, ಡಾಕ್ಟ್ರು ಬೈತಾರೆ" ಎಂದು ಒಂದನ್ನು ವಾಪಸ್ಸು ಕೊಡುತ್ತಿದ್ದರು. ಅಳತೆ ಮೀರಿದರೆ ಮುದ್ದೆಯಿಂದಲೂ ಸಕ್ಕರೆ ಏರುತ್ತದೆ ಎಂಬ ಪಾಠ ಅಷ್ಟು ಹೊತ್ತಿಗೆ ಚೆನ್ನಾಗಿ ಆಗಿತ್ತು. ಮುದ್ದೆ ಚಿಕ್ಕದಾಯಿತು, ಸೊಪ್ಪು ಹೆಚ್ಚಾಯಿತು. ಚೀಲ ಗೂಟದಲ್ಲೇ ಉಳಿಯಿತು. "ಎಲ್ಲಿಗ್ರಿ?" ಎಂದರೆ, "ಎಲ್ಲಿಗೂ ಇಲ್ಲ, ಸುಮ್ನೆ ನಡೀತೀನಿ" ಎಂದು ಸಲೀಸಾಗಿ ಹೇಳುತ್ತಿದ್ದರು.

ನನ್ನ ಮಾವನವರಿಗೂ ದೊಡ್ಡಪ್ಪನಿಗೂ ಆದ ಸ್ನೇಹ ನನ್ನ ಮದುವೆಗಿಂತ ಗಟ್ಟಿಯಾದದ್ದು. ನಾನು ಒಂದೆರಡು ಸಲ ಮುನಿಸಿಕೊಂಡು ತವರಿಗೆ ಬಂದದ್ದುಂಟು. ಅವರಿಬ್ಬರು ಎಂದೂ ಮುನಿಸಿಕೊಳ್ಳಲಿಲ್ಲ. ಒಮ್ಮೆ ನಮ್ಮನ್ನೆಲ್ಲ ಕಟ್ಟಿಕೊಂಡು ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದರು. ಮಧ್ಯೆ ಮಧ್ಯೆ ಬಂಡೆಯ ಮೇಲೆ ಕೂತು ಯಾರ ಮಾತ್ರೆ ಯಾವ ಬಣ್ಣದ್ದು ಎಂದು ವಾದಿಸುವರು, ಮತ್ತೆ ಹತ್ತುವರು. ಇಳಿದು ಬಂದಾಗ ಕೆಳಗೆ ಬುಟ್ಟಿಯಲ್ಲಿ ಸೀತಾಫಲ ಇತ್ತು, ಕಣ್ಣು ಬಿಟ್ಟು ಹಣ್ಣಾದದ್ದು. ಇಬ್ಬರೂ ನಿಂತರು. ದೊಡ್ಡಪ್ಪ ಒಂದೇ ಒಂದು ಹಣ್ಣು ಬಿಚ್ಚಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ತಾವೊಂದು ತೊಳೆ, ಬೀಗರಿಗೊಂದು ತೊಳೆ. ಉಳಿದದ್ದನ್ನೆಲ್ಲ ನನ್ನ ಕೈಗಿಟ್ಟು, "ನೀನು ತಿನ್ನು, ನಾವು ನೋಡ್ತೀವಿ" ಎಂದರು. ಇಬ್ಬರು ಮುದುಕರು ನನ್ನ ಬಾಯನ್ನೇ ನೋಡುತ್ತಾ, ಬೀಜ ನುಂಗಬ್ಯಾಡ ಎಂದು ಹೇಳಿಕೊಡುತ್ತಾ ಕೂತರು. ಅಷ್ಟು ರುಚಿಯಾದ ಹಣ್ಣನ್ನು ನಾನು ಆಮೇಲೆ ತಿಂದಿಲ್ಲ.

ಹೀಗೆ ಬಹಳ ವರ್ಷ ಚೆನ್ನಾಗಿಯೇ ಬದುಕಿದರು. ಎರಡು ಸಾವಿರದ ಆಚೆಗೂ ಮದುವೆ ಮಾಡಿಸುತ್ತಲೇ ಇದ್ದರು. ವಯಸ್ಸಾಗಿತ್ತು, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಮೂರನೇ ದಿನಕ್ಕೆ ನಾನು ಹೋದಾಗ ದೊಡ್ಡಮ್ಮ ಒಲೆಯ ಮುಂದೆ ಕೂತು ಎಡೆಗೆ ಕೇಸರಿಬಾತು ತಿರುವುತ್ತಿದ್ದರು. ತುಪ್ಪ, ಸಕ್ಕರೆ ಎಲ್ಲ ಕೈ ತುಂಬ ಹಾಕಿದ್ದರು. ನನ್ನನ್ನು ಕಂಡು, "ತಿನ್ಲಿ ಬಿಡವ್ವ, ಹೊಟ್ಟೆ ತುಂಬ ತಿನ್ಲಿ. ಇನ್ನು ಯಾರು ಬ್ಯಾಡ ಅಂತಾರೆ" ಎಂದರು. ನಗುತ್ತಲೇ ಅಂದರು. ಅಂದವರು ಇನ್ನೊಂದು ಹಿಡಿ ಸಕ್ಕರೆ ಸುರಿದರು...

ಸಿದ್ದಾಪುರದ ಆ ನಡುಮನೆಯಲ್ಲಿ ತಟ್ಟೆ ನನ್ನ ಮುಂದೆಯೇ ಇತ್ತು. ದೊಡ್ಡಪ್ಪನ ಹಾಗೆ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಹೊಗೆಯಾಡುವ ಬಟ್ಟಲೊಂದನ್ನು ತಂದರು.

"ತಡೀರಿ ಅಕ್ಕಾರೆ, ಮೊದ್ಲು ಇದರಾಗೊಂದು ತಗಳ್ರಿ. ಶೇಂಗಾ ತಿಂದೇ ಸಿಹಿ ತಿನ್ಬೇಕು ಅಂತ ನಮ್ಮನೆ ಪದ್ಧತಿ. ನನ್ನ ಮದ್ವೆ ಮಾಡ್ಸಿದ ದೊಡ್ಡಪ್ಪ ಒಬ್ರು ಚಳ್ಳಕೆರೇಲಿದ್ರು, ಅವರಿಂದ ಬಂದಿದ್ದು. ಯಾಕೆ ಅಂತ ನಂಗೂ ಗೊತ್ತಿಲ್ಲ."

ನನ್ನ ಯಜಮಾನರು ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು, ನನ್ನದೂ. ಯಾಕೆ ಎಂಬುದನ್ನು ಆ ಹೆಣ್ಣುಮಗಳಿಗೆ ಹೇಳಿದೆ, ನನ್ನ ಕಾಯಿಲೆಯನ್ನೂ ಸೇರಿಸಿ, ಒಂದನ್ನೂ ಬಚ್ಚಿಡದೆ. ಅವರು ಕೇಳಿ ನನ್ನ ಮುಂದಿನ ಕೇಸರಿಬಾತನ್ನು ತಾವೇ ಎತ್ತಿ ನನ್ನ ಮಗನ ತಟ್ಟೆಗೆ ಬಡಿಸಿದರು. ಬಾಗಿಲ ಮರೆಯಲ್ಲಿದ್ದ ಹುಡುಗಿ ನಕ್ಕಳು.

ಬಟ್ಟಲು ನಡುವೆ ಇತ್ತು. ಮೊದಲ ಕಾಳು ತಿನ್ನಬೇಕಾದವರು ಇರಲಿಲ್ಲ. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಅವರ ಬದಲಿಗೆ ನಾನು ತಿಂದೆ.